ಪಿಕಪ್ ಗಾಡಿಗೆ ದೊಡ್ಡ ಟೈರು: ಕೊಳ್ಳುವ ಮುನ್ನ ರೈತರು ವಿಚಾರಿಸತಕ್ಕ ಅಂಶಗಳು

(ಒಬ್ಬ ಕೃಷಿ ಇನ್‌ಸ್ಪೆಕ್ಟರು, ಎಲ್. ಎಜಿ.)

ಬೆಳೆದ ಪದಾರ್ಥವು ಸಕಾಲದಲ್ಲಿ ಮಾರುಕಟ್ಟೆಯನ್ನು ಸೇರಿದರೆ ಮಾತ್ರ ಬೇಸಾಯಗಾರನ ದುಡಿಮೆಗೆ ಬೆಲೆಯುಂಟು. ಟೊಮೇಟೊ, ಹೂಕೋಸು, ಕೊತ್ತಂಬರಿ ಸೊಪ್ಪು, ಸೇವಂತಿಗೆ ಮೊದಲಾದ ಬೇಗನೆ ಬಾಡುವ ಮಾಲುಗಳ ವಿಷಯದಲ್ಲಂತೂ ಒಂದು ರಾತ್ರಿಯ ವಿಳಂಬವೇ ಲಾಭವನ್ನು ನಷ್ಟವಾಗಿ ಮಾರ್ಪಡಿಸಲು ಸಾಕು. ಹಿಂದೆ ಈ ಸಾಗಣೆಯ ಹೊರೆಯನ್ನು ಎತ್ತಿನ ಗಾಡಿಯು ವಹಿಸುತ್ತಿದ್ದಿತು. ಈಗ ವಾಡಿಕೆಯಲ್ಲಿ ಪಿಕಪ್ ಎಂದು ಕರೆಯಲ್ಪಡುವ ಸಣ್ಣ ಸರಕು ಮೋಟಾರು ಆ ಸ್ಥಾನವನ್ನು ಬಹುಮಟ್ಟಿಗೆ ಪಡೆದಿರುತ್ತದೆ. ಕೋಲಾರ, ಚಿಂತಾಮಣಿಗಳ ಟೊಮೇಟೊ ಮಂಡಿಗಳ ಮುಂದೆ ಸುಗ್ಗಿಯ ಕಾಲದಲ್ಲಿ ನಿಂತು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾದುದಿಲ್ಲ.

ಈ ಗಾಡಿಗಳ ಟೈರು ಸವೆದು ಬದಲಾಯಿಸುವ ಕಾಲ ಬಂದಾಗ ಅನೇಕ ರೈತರು ಕೇಳುವ ಪ್ರಶ್ನೆ ಒಂದೇ: “ಇದ್ದ ಅಳತೆಯನ್ನೇ ಹಾಕಿಸುವುದೋ, ಒಂದು ಅಳತೆ ದೊಡ್ಡದನ್ನು ಹಾಕಿಸುವುದೋ?” ಈ ಪ್ರಶ್ನೆಯ ಹಿಂದೆ ಮೂರು ನಂಬಿಕೆಗಳಿರುತ್ತವೆ. ದೊಡ್ಡ ಟೈರಿನಿಂದ ಗಾಡಿ ಎತ್ತರವಾಗುವುದೆಂಬುದು ಮೊದಲನೆಯದು. ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲವೆಂಬುದು ಎರಡನೆಯದು. ಇನ್ನಷ್ಟು ಪೆಟ್ಟಿಗೆಗಳನ್ನು ಹೇರಬಹುದೆಂಬುದು ಮೂರನೆಯದು. ಇವುಗಳಲ್ಲಿ ಮೊದಲನೆಯದು ಅಲ್ಪಾಂಶದಲ್ಲಿ ನಿಜ; ಎರಡನೆಯದು ಕೆಲವು ಬಗೆಯ ನೆಲಗಳಲ್ಲಿ ಮಾತ್ರ ನಿಜ; ಮೂರನೆಯದು ಸುಳ್ಳು, ಮತ್ತು ಪ್ರಾಣಾಪಾಯಕರ. ಟೈರಿನ ಗಾತ್ರ ಬೇರೆ, ಅದರ ಬಲ ಬೇರೆ ಎಂಬುದನ್ನು ಲೆಕ್ಕದೊಡನೆ ತೋರಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

1. ಭಾರವನ್ನು ಹೊರುವುದು ಯಾವುದು?

ಎತ್ತಿನ ಗಾಡಿಯ ಚಕ್ರದಲ್ಲಿ ಭಾರವನ್ನು ಹೊರುವುದು ಮರದ ಗುಂಬ, ಆರೆಕಾಲುಗಳು ಮತ್ತು ಕಬ್ಬಿಣದ ಪಟ್ಟಿ. ಅಂತಹ ಚಕ್ರವನ್ನು ಎತ್ತರವಾಗಿ ಮಾಡಿದಷ್ಟೂ ಹಳ್ಳದಿಣ್ಣೆಗಳನ್ನು ದಾಟುವುದು ಸುಲಭವೆಂಬುದು ನಮ್ಮ ಹಿರಿಯರ ಅನುಭವ. ಆ ಅನುಭವವನ್ನೇ ಮೋಟಾರಿನ ಟೈರಿಗೂ ಅನ್ವಯಿಸುವುದು ಸ್ವಾಭಾವಿಕವಾದರೂ ಸರಿಯಲ್ಲ. ಏಕೆಂದರೆ ಟೈರಿನಲ್ಲಿ ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗೆ ಒತ್ತಡದಲ್ಲಿ ಅಡಗಿರುವ ಗಾಳಿ. ರಬ್ಬರು ಮತ್ತು ಅದರೊಳಗಿನ ನೂಲು, ತಂತಿಗಳ ಕಟ್ಟು ಆ ಗಾಳಿಯನ್ನು ಹಿಡಿದಿಡುವ ಚೀಲವಿದ್ದಂತೆ. ಚೀಲವು ದೊಡ್ಡದಾಗಿದ್ದರೂ ನೇಯ್ಗೆಯು ದುರ್ಬಲವಾಗಿದ್ದರೆ ಹೆಚ್ಚು ಒತ್ತಡವನ್ನು ತಾಳಲಾರದು. ಚಿಕ್ಕದಾಗಿದ್ದರೂ ನೇಯ್ಗೆಯು ಬಿಗಿಯಾಗಿದ್ದರೆ ತಾಳುತ್ತದೆ.

ಗಾಳಿಯ ಟೈರಿಗೆ ಮೊದಲು ಸನ್ನದು ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845ನೆಯ ವರ್ಷ. ಅದು ಬಳಕೆಗೆ ಬಾರದೆ ಮರೆತುಹೋಗಿ, 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಮತ್ತೆ ಕಂಡುಹಿಡಿದ ಮೇಲೆಯೇ ಪ್ರಚಾರಕ್ಕೆ ಬಂದಿತು. ಬೇಸಾಯದ ಟ್ರ್ಯಾಕ್ಟರುಗಳು ಕಬ್ಬಿಣದ ಚಕ್ರವನ್ನು ಬಿಟ್ಟು ಗಾಳಿಯ ಟೈರನ್ನು ಧರಿಸಲು ಆರಂಭಿಸಿದುದು ಅಮೆರಿಕದಲ್ಲಿ 1932ರ ಸುಮಾರಿಗೆ. ನಮ್ಮ ಎತ್ತಿನ ಗಾಡಿಗಳಿಗೂ ಗಾಳಿಯ ಟೈರು ಬಂದಾಗ ಅದೇ ಜೋಡಿ ಎತ್ತುಗಳು ಹೆಚ್ಚು ಭಾರವನ್ನು ಎಳೆಯುವಂತಾದುದನ್ನು ಹಳೆಯ ರೈತರು ಬಲ್ಲರು. ಅಲ್ಲಿಯೂ ಲಾಭವಾದುದು ಚಕ್ರದ ಎತ್ತರದಿಂದಲ್ಲ, ಗಾಳಿಯಿಂದ.

2. ಟೈರಿನ ಪಕ್ಕೆಯ ಬರಹ

ಪ್ರತಿಯೊಂದು ಟೈರಿನ ಪಕ್ಕೆಯಲ್ಲಿಯೂ ಅದರ ಜಾತಕವು ಅಚ್ಚಾಗಿರುತ್ತದೆ. ಗೊಬ್ಬರದ ಚೀಲವನ್ನು ಕೊಳ್ಳುವಾಗ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಅಂಕಿಗಳನ್ನು ಓದುವಂತೆಯೇ ಟೈರನ್ನು ಕೊಳ್ಳುವಾಗ ಈ ಅಂಕಿಗಳನ್ನು ಓದತಕ್ಕದ್ದು.

ಉದಾಹರಣೆಗೆ, ಸಣ್ಣ ಸರಕು ಗಾಡಿಗಳಿಗೆ ಬಳಸುವ ಒಂದು ಅಳತೆ 215/75 ಆರ್ 15. ಇದರಲ್ಲಿ 215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂದರೆ ಪಕ್ಕೆಯ ಎತ್ತರವು ಆ ಅಗಲದ ನೂರಕ್ಕೆ 75 ಪಾಲು. ‘ಆರ್’ ಎಂಬ ಅಕ್ಷರವು ರೇಡಿಯಲ್ ಕಟ್ಟಿನ ಗುರುತು. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಇದರಿಂದ ಟೈರಿನ ಪೂರ್ಣ ವ್ಯಾಸವನ್ನು ಮನೆಯಲ್ಲಿಯೇ ಗುಣಿಸಬಹುದು. 215ರ ನೂರಕ್ಕೆ 75 ಪಾಲು 161.25 ಮಿಲಿಮೀಟರು, ಮೇಲೆ ಕೆಳಗೆ ಎರಡು ಪಕ್ಕೆಗಳಾದುದರಿಂದ 322.5, ಇದಕ್ಕೆ 15 ಅಂಗುಲಗಳ ರಿಮ್ಮು, ಅಂದರೆ 381 ಮಿಲಿಮೀಟರು ಕೂಡಿಸಿದರೆ 703.5 ಆಗುತ್ತದೆ. ಇದೇ ಕ್ರಮದಿಂದ ನಾಲ್ಕು ಅಳತೆಗಳನ್ನು ಹೋಲಿಸಿ ನೋಡೋಣ:

215/75 ಆರ್ 15: ವ್ಯಾಸ 703.5 ಮಿ.ಮೀ.
225/75 ಆರ್ 15: ವ್ಯಾಸ 718.5 ಮಿ.ಮೀ., ನೂರಕ್ಕೆ 2.1ರಷ್ಟು ಹೆಚ್ಚು
235/75 ಆರ್ 15: ವ್ಯಾಸ 733.5 ಮಿ.ಮೀ., ನೂರಕ್ಕೆ 4.3ರಷ್ಟು ಹೆಚ್ಚು
225/70 ಆರ್ 15: ವ್ಯಾಸ 696 ಮಿ.ಮೀ., ನೂರಕ್ಕೆ 1.1ರಷ್ಟು ಕಡಮೆ

ಕೊನೆಯ ಸಾಲನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಈ ಟೈರು ಮೊದಲನೆಯದಕ್ಕಿಂತ ಅಗಲವಾಗಿದ್ದರೂ ಎತ್ತರದಲ್ಲಿ ಕಡಮೆ. ಆದುದರಿಂದ ಮೊದಲಿನ ಅಂಕಿಯೊಂದನ್ನೇ ನೋಡಿ ದೊಡ್ಡದು, ಚಿಕ್ಕದು ಎಂದು ನಿರ್ಣಯಿಸಬಾರದು.

3. ಭಾರಸೂಚಿ

ಅಳತೆಯ ಮುಂದೆ 100, 104, 106 ಎಂಬಂತೆ ಇನ್ನೊಂದು ಅಂಕಿಯೂ, ಅದರ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತವೆ. ಅಕ್ಷರವು ಟೈರು ತಾಳುವ ವೇಗವನ್ನು ತಿಳಿಸುತ್ತದೆ: ‘ಎನ್’ ಎಂದರೆ ಗಂಟೆಗೆ 140, ‘ಕ್ಯೂ’ ಎಂದರೆ 160, ‘ಎಸ್’ ಎಂದರೆ 180 ಕಿಲೋಮೀಟರು. ಅಂಕಿಯು ಭಾರಸೂಚಿ. ಅದು ಕಿಲೋಗ್ರಾಮುಗಳ ಸಂಖ್ಯೆಯಲ್ಲ. ಒಂದು ಗೊತ್ತಾದ ಪಟ್ಟಿಯ ಕ್ರಮಾಂಕ. ಪಿಕಪ್ ಗಾಡಿಗಳಿಗೆ ಬೇಕಾಗುವ ಕೆಲವು ಸೂಚಿಗಳ ಅರ್ಥ ಹೀಗಿದೆ:

100: ಒಂದು ಟೈರಿಗೆ 800 ಕಿಲೋ
102: 850 ಕಿಲೋ
104: 900 ಕಿಲೋ
105: 925 ಕಿಲೋ
106: 950 ಕಿಲೋ
108: 1,000 ಕಿಲೋ
110: 1,060 ಕಿಲೋ
112: 1,120 ಕಿಲೋ

ಈಗ ಒಂದು ಲೆಕ್ಕವನ್ನು ಮಾಡೋಣ. ಒಂದು ಪಿಕಪ್ ಗಾಡಿಯು ಚಾಲಕನೂ ಸೇರಿ 1,600 ಕಿಲೋ ತೂಗುವುದೆಂದೂ, ಅದರ ಮೇಲೆ 1,300 ಕಿಲೋ ಸರಕನ್ನು ಹೇರಲು ಅಪ್ಪಣೆಯಿದೆಯೆಂದೂ ಇಟ್ಟುಕೊಳ್ಳಿ. ಒಟ್ಟು 2,900 ಕಿಲೋ. ಸರಕಿನ ಬಹುಭಾಗವು ಹಿಂದಿನ ಅಚ್ಚಿನ ಮೇಲೆಯೇ ಕೂರುವುದರಿಂದ ಒಟ್ಟಿನಲ್ಲಿ ಸುಮಾರು 1,900 ಕಿಲೋ ಹಿಂಭಾಗಕ್ಕೆ ಬೀಳುತ್ತದೆಂದು ಎಣಿಸೋಣ. ಹಿಂದೆ ಎರಡೇ ಟೈರುಗಳಾದುದರಿಂದ ಒಂದೊಂದರ ಪಾಲಿಗೆ 950 ಕಿಲೋ. ಆದಕಾರಣ ಈ ಗಾಡಿಗೆ ಭಾರಸೂಚಿ 106ಕ್ಕಿಂತ ಕಡಮೆಯಿರುವ ಯಾವ ಟೈರೂ ಸಲ್ಲದು.

ಅಂಗಡಿಯಲ್ಲಿ 235/75 ಆರ್ 15 ಅಳತೆಯ ಟೈರನ್ನು ಕೇಳಿದರೆ ಜನರು ಕೂರುವ ಜೀಪು ಮಾದರಿಯ ಕಾರುಗಳಿಗಾಗಿ ತಯಾರಾದ, 105ರ ಸೂಚಿಯುಳ್ಳ ಟೈರು ಸಿಕ್ಕಬಹುದು. ಅದು ನೋಡಲು ದೊಡ್ಡದು, ಎತ್ತರ, ಅಂದವಾದುದು. ಆದರೆ ಅದರ ಶಕ್ತಿ 925 ಕಿಲೋ ಮಾತ್ರ. ನಮ್ಮ ಲೆಕ್ಕದ ಗಾಡಿಗೆ 25 ಕಿಲೋ ಸಾಲದು. ಅದೇ ಅಂಗಡಿಯಲ್ಲಿ ಸರಕು ವಾಹನಗಳಿಗೆಂದೇ ಮಾಡಿದ, ಅಳತೆಯ ಕೊನೆಯಲ್ಲಿ ‘ಸಿ’ ಅಕ್ಷರವಿರುವ 225/70 ಆರ್ 15 ಟೈರು ದೊರೆತರೆ, ಅದರ ಸೂಚಿಯು ಸಾಮಾನ್ಯವಾಗಿ 112. ಎತ್ತರದಲ್ಲಿ ಕಡಮೆಯಾದ ಈ ಟೈರು 1,120 ಕಿಲೋ ಹೊರುತ್ತದೆ! ಆದರೆ ಅಷ್ಟು ಭಾರಕ್ಕೆ ಅದರಲ್ಲಿ ಸುಮಾರು 65 ಪೌಂಡು ಒತ್ತಡದ ಗಾಳಿ ಇರಬೇಕು. ಗಾಡಿಯ ರಿಮ್ಮು ಆ ಒತ್ತಡವನ್ನು ತಾಳುವುದೇ ಎಂದು ಮೊದಲು ತಿಳಿಯಬೇಕು.

ಒಂದೇ ಅಳತೆಯ ಟೈರುಗಳಲ್ಲಿಯೂ ತಯಾರಕರನ್ನನುಸರಿಸಿ ಭಾರಸೂಚಿಯು ಬೇರೆಯಾಗುವುದುಂಟು. ಸೂಚಿಯು ಕೆಲವು ಕಡೆ 104/101 ಎಂದು ಜೋಡಿಯಾಗಿರುತ್ತದೆ. ಮೊದಲನೆಯದು ಚಕ್ರವು ಒಂಟಿಯಾಗಿರುವಾಗ, ಎರಡನೆಯದು ಲಾರಿಯಲ್ಲಿರುವಂತೆ ಎರಡು ಚಕ್ರಗಳು ಅಕ್ಕಪಕ್ಕದಲ್ಲಿರುವಾಗ ಎಂದು ತಿಳಿಯಬೇಕು.

ತಮ್ಮ ಗಾಡಿಯ ಹಿಂದಿನ ಅಚ್ಚಿನ ಭಾರವನ್ನು ಊಹಿಸುವುದಕ್ಕಿಂತ ತೂಗಿಸುವುದು ಮೇಲು. ಯಾವುದಾದರೂ ವೇಬ್ರಿಜ್‌ನಲ್ಲಿ ಹೇರಿದ ಗಾಡಿಯ ಹಿಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಕವನ್ನು ಬರೆದುಕೊಂಡು, ಅದರ ಅರ್ಧವನ್ನು ಮೇಲಿನ ಪಟ್ಟಿಯೊಡನೆ ಹೋಲಿಸಿದರೆ ಸಾಕು.

4. ಹೆಚ್ಚಿನ ಪೆಟ್ಟಿಗೆಗಳ ಆಸೆ

ಕೋಲಾರದ ಕಡೆ ಟೊಮೇಟೊ ಪೆಟ್ಟಿಗೆಯೊಂದರಲ್ಲಿ 15 ಕಿಲೋ ಹಣ್ಣು ಹಿಡಿಯುತ್ತದೆ. ಪೆಟ್ಟಿಗೆಯ ತೂಕವೂ ಸೇರಿ 17 ಕಿಲೋ ಎಂದಿಟ್ಟುಕೊಂಡರೆ 1,300 ಕಿಲೋ ಸರಕೆಂದರೆ 76 ಪೆಟ್ಟಿಗೆಗಳು. ಬೆಲೆ ಏರಿದ ದಿನ 110 ಪೆಟ್ಟಿಗೆಗಳನ್ನು ಹೇರುವ ಆಸೆಯಾಗುವುದು ಸಹಜ. ಆಗ ಸರಕು 1,870 ಕಿಲೋ. ಮಿತಿಗಿಂತ 570 ಕಿಲೋ ಅಧಿಕ. ಅದರಲ್ಲಿ 500 ಕಿಲೋ ಹಿಂದಕ್ಕೆ ಬಿದ್ದರೂ ಪ್ರತಿ ಹಿಂದಿನ ಟೈರಿಗೆ 1,200 ಕಿಲೋ ಆಗುತ್ತದೆ. ಮೇಲೆ ಹೇಳಿದ 112ರ ಸೂಚಿಯ ಟೈರು ಸಹ ಇದನ್ನು ಹೊರಲಾರದು. ಒಂದು ವೇಳೆ ಹೊರಬಲ್ಲ ಟೈರು ದೊರೆತರೂ, ಗಾಡಿಯ ಸ್ಪ್ರಿಂಗು ಪಟ್ಟಿಗಳು, ಅಚ್ಚು, ಬೇರಿಂಗು, ಬ್ರೇಕುಗಳು ಮೊದಲಿನವೇ ಅಲ್ಲವೆ? ಎತ್ತಿಗೆ ಹೊಸ ಲಾಳ ಹೊಡೆಸಿದ ಮಾತ್ರಕ್ಕೆ ಅದರ ಹೆಗಲು ಬಲಿಯುವುದಿಲ್ಲ.

ಮಿತಿಮೀರಿದ ಭಾರದಿಂದ ಟೈರಿನ ಪಕ್ಕೆಯು ಪ್ರತಿ ಸುತ್ತಿಗೂ ಹೆಚ್ಚಾಗಿ ಮಡಿಚಿ ಬಿಚ್ಚಿಕೊಳ್ಳುತ್ತದೆ. ಹೀಗೆ ಮಡಿಚುವಿಕೆಯಿಂದ ಕಾವು ಹುಟ್ಟಿ, ಕಾವಿನಿಂದ ನೂಲು ಮತ್ತು ರಬ್ಬರಿನ ಅಂಟು ಸಡಿಲವಾಗುತ್ತದೆ. ಹೊರಗೆ ಯಾವ ಲಕ್ಷಣವನ್ನೂ ತೋರಿಸದ ಟೈರು ಬೇಸಗೆಯ ಮಧ್ಯಾಹ್ನ ಹೆದ್ದಾರಿಯಲ್ಲಿ ತಟಕ್ಕನೆ ಸಿಡಿಯುವುದು ಹೀಗೆಯೇ. ಸರಕಿನ ಗಾಡಿಯಲ್ಲಿ ಕೂಲಿಯಾಳುಗಳನ್ನು ಹತ್ತಿಸಿಕೊಂಡು ಹೋಗುವ ಅಭ್ಯಾಸವು ಕಾನೂನಿಗೆ ವಿರುದ್ಧವಾದರೂ ಅನೇಕ ಕಡೆ ಕಂಡುಬರುತ್ತದೆ. ಪೆಟ್ಟಿಗೆಗಳು ರಸ್ತೆಗೆ ಚೆಲ್ಲಿದರೆ ಒಂದು ದಿನದ ನಷ್ಟ. ಬಾಡಿಗೆಯ ಆಸೆಗೆ ಹತ್ತಿಸಿಕೊಂಡ ಹೆಣ್ಣಾಳು ಗಂಡಾಳುಗಳ ಜೀವವು ಹೋದರೆ ಆ ನಷ್ಟವನ್ನು ತುಂಬುವ ಬೆಳೆ ಯಾವುದೂ ಇಲ್ಲ.

5. ವ್ಯಾಸ ಹೆಚ್ಚಿದರೆ ಆಗುವ ಪರಿಣಾಮಗಳು

215/75ರ ಬದಲು 235/75 ಹಾಕಿಸಿದರೆ ವ್ಯಾಸವು 30 ಮಿಲಿಮೀಟರು ಹೆಚ್ಚುತ್ತದೆ. ಆದರೆ ಅಚ್ಚು ಮೇಲೇರುವುದು ಅದರ ಅರ್ಧ ಮಾತ್ರ, ಅಂದರೆ 15 ಮಿಲಿಮೀಟರು. ಇದು ಒಂದು ಬೆರಳಗಲದಷ್ಟಾದರೂ ಆಗುವುದೋ ಇಲ್ಲವೋ. ಗೇಣುದ್ದ ಆಳವಾದ ಬಂಡಿಜಾಡಿನಲ್ಲಿ ಅಚ್ಚು ನೆಲಕ್ಕೆ ತಾಗುತ್ತಿದ್ದರೆ ಈ ಒಂದು ಬೆರಳು ಯಾವ ಉಪಕಾರವನ್ನೂ ಮಾಡಲಾರದು.

ಇದಕ್ಕೆ ಪ್ರತಿಯಾಗಿ ನಾಲ್ಕು ಬೆಲೆಗಳನ್ನು ತೆರಬೇಕಾಗುತ್ತದೆ.

ಮೊದಲನೆಯದು, ವೇಗದ ಮಾಪಕ. ಅದು ಚಕ್ರದ ಸುತ್ತುಗಳನ್ನು ಎಣಿಸಿ ವೇಗವನ್ನು ತೋರಿಸುತ್ತದೆ. ಟೈರು ದೊಡ್ಡದಾದುದು ಅದಕ್ಕೆ ತಿಳಿಯದು. ಮೊದಲು ಸರಿಯಾಗಿ ತೋರಿಸುತ್ತಿದ್ದ ಮಾಪಕವು 60 ಎಂದು ತೋರಿಸಿದಾಗ ಗಾಡಿಯ ನಿಜವಾದ ವೇಗ 62.6 ಆಗಿರುತ್ತದೆ. ದೂರದ ಲೆಕ್ಕವೂ ಹೀಗೆಯೇ: 100 ಕಿಲೋಮೀಟರು ಎಂದು ತೋರಿಸಿದರೆ ಓಡಿದುದು 104ಕ್ಕಿಂತ ಹೆಚ್ಚು. ಕಿಲೋಮೀಟರಿನ ಲೆಕ್ಕದಲ್ಲಿ ಬಾಡಿಗೆಗೆ ಹೋಗುವವನು ಪ್ರತಿ ನೂರಕ್ಕೆ ನಾಲ್ಕು ಕಿಲೋಮೀಟರಿನ ಹಣವನ್ನು ಕಳೆದುಕೊಳ್ಳುತ್ತಾನೆ.

ಎರಡನೆಯದು, ಬ್ರೇಕು. ಬ್ರೇಕು ಹಿಡಿಯುವುದು ಚಕ್ರದ ನಡುವೆ. ಗಾಡಿಯನ್ನು ತಡೆಯಬೇಕಾದುದು ನೆಲದ ಮೇಲೆ. ಚಕ್ರ ದೊಡ್ಡದಾದಷ್ಟೂ ಅದೇ ಬ್ರೇಕಿನ ಹಿಡಿತವು ನೆಲದಲ್ಲಿ ಕಡಮೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ನೂರಕ್ಕೆ ನಾಲ್ಕರಷ್ಟು. ಇದರ ಜೊತೆಗೆ, ಮಾಪಕವನ್ನು ನಂಬಿ ಚಾಲಕನು ತನಗರಿವಿಲ್ಲದೆಯೇ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಹೋಗುತ್ತಿದ್ದರೆ, ಬ್ರೇಕು ನುಂಗಬೇಕಾದ ಶಕ್ತಿಯು ನೂರಕ್ಕೆ ಎಂಟಕ್ಕಿಂತಲೂ ಹೆಚ್ಚುತ್ತದೆ. ಬಯಲುಸೀಮೆಯ ನೆಟ್ಟನೆಯ ರಸ್ತೆಯಲ್ಲಿ ಇದು ತೋರದೆ ಹೋಗಬಹುದು. ಚಿಕ್ಕಮಗಳೂರಿನ ಕಡೆಯಿಂದ ತರಕಾರಿಯನ್ನು ಹೇರಿಕೊಂಡು ಚಾರ್ಮಾಡಿ ಘಟ್ಟವನ್ನು ಇಳಿಯುವಾಗ, ತಿರುವಿನ ಮೇಲೆ ತಿರುವು ಬಂದು ಬ್ರೇಕು ಕಾದಿರುವಾಗ, ಈ ಅಲ್ಪ ವ್ಯತ್ಯಾಸವೇ ದೊಡ್ಡದಾಗಿ ತೋರುತ್ತದೆ.

ಮೂರನೆಯದು, ಎಳೆತ. ಎಂಜಿನು ಅದೇ, ಗೇರುಗಳು ಅವೇ. ಚಕ್ರ ದೊಡ್ಡದಾದುದರಿಂದ ನೆಲದ ಮೇಲಿನ ಎಳೆತವು ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹೇರಿದ ಗಾಡಿಯನ್ನು ಹೊಲದ ಏರಿನಲ್ಲಿ ಹತ್ತಿಸುವಾಗ ಕ್ಲಚ್ಚನ್ನು ಅರೆಹಿಡಿದು ಸುಡಬೇಕಾಗುತ್ತದೆ. ಟೈರಿನ ತೂಕವೂ ಹೆಚ್ಚಾದುದರಿಂದ ಡೀಸೆಲಿನ ಖರ್ಚೂ ಏರುವುದುಂಟು.

ನಾಲ್ಕನೆಯದು, ಸಮತೂಕ. ಗಾಡಿಯೂ ಅದರ ಮೇಲಿನ ಸರಕೂ 15 ಮಿಲಿಮೀಟರು ಮೇಲೇರುತ್ತವೆ. ಪೆಟ್ಟಿಗೆಗಳನ್ನು ಮೊದಲೇ ಎತ್ತರವಾಗಿ ಒಟ್ಟಿದ್ದರೆ, ತಿರುವಿನಲ್ಲಿ ಮಗುಚುವ ಸಂಭವವು ಆ ಮಟ್ಟಿಗೆ ಹೆಚ್ಚುತ್ತದೆ.

ಮೂಲ ವ್ಯಾಸಕ್ಕಿಂತ ನೂರಕ್ಕೆ ಮೂರನ್ನು ಮೀರದಿರುವುದು ಈ ಕೆಲಸವನ್ನು ಬಲ್ಲವರು ಸಾಧಾರಣವಾಗಿ ಪಾಲಿಸುವ ನಿಯಮ. ಈ ಅಳತೆಗೋಲಿನಿಂದ ನೋಡಿದರೆ 225/75 ಮಿತಿಯೊಳಗೂ, 235/75 ಮಿತಿಯ ಹೊರಗೂ ಇರುತ್ತವೆ.

6. ಕೆಸರಿಗೆ ಬೇಕಾದುದು ಅಗಲವೋ, ಹಲ್ಲೋ?

ನೆಲದ ಗುಣವನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಕೆಮ್ಮಣ್ಣಿನ ಹೊಲದ ದಾರಿಯಲ್ಲಿ ಮಳೆ ಬಂದಾಗ ಮೇಲಿನ ಎರಡು ಮೂರು ಅಂಗುಲ ಕೆಸರಾಗಿ, ಅದರ ಕೆಳಗೆ ಗಟ್ಟಿ ನೆಲವಿರುತ್ತದೆ. ಇಲ್ಲಿ ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲವಾದುದು ಕೆಸರಿನ ಮೇಲೆಯೇ ಜಾರುತ್ತದೆ. ಮರಳಿನ ಹಳ್ಳದಲ್ಲಿಯಾದರೋ ಅಗಲವಾದ ಟೈರು ಭಾರವನ್ನು ಹರಡಿ ಮೇಲೆ ತೇಲುತ್ತದೆ. ಧಾರವಾಡ, ಗದಗಗಳ ಕಡೆಯ ಎರೆಭೂಮಿಯು ಇವೆರಡಕ್ಕೂ ಬೇರೆ. ನೆನೆದ ಎರೆಮಣ್ಣು ಉಬ್ಬಿ, ಅಂಟಾಗಿ, ಟೈರಿನ ಗೀರುಗಳಲ್ಲೆಲ್ಲಾ ತುಂಬಿಕೊಂಡು ಅದನ್ನು ನುಣ್ಣನೆಯ ಉರುಳೆಯಂತೆ ಮಾಡಿಬಿಡುತ್ತದೆ. ಇಲ್ಲಿ ಅಗಲಕ್ಕಿಂತ ಹೊರಮೈಯ ಹಲ್ಲುಗಳ ನಡುವೆ ಹೆಚ್ಚು ಬಿಡುವಿರುವುದು ಮುಖ್ಯ. ಬಿಡುವಿದ್ದರೆ ಚಕ್ರವು ತಿರುಗಿದಾಗ ಮಣ್ಣು ಹಾರಿಹೋಗಿ ಹಲ್ಲು ಮತ್ತೆ ಹಿಡಿಯುತ್ತದೆ.

ಆದರೆ ಬಿಡಿಬಿಡಿಯಾದ ದೊಡ್ಡ ಹಲ್ಲಿನ ಟೈರುಗಳು ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತವೆ, ಸದ್ದು ಮಾಡುತ್ತವೆ, ಒದ್ದೆಯಾದ ನುಣುಪು ರಸ್ತೆಯಲ್ಲಿ ಹಿಡಿತವನ್ನು ಕಡಮೆ ಮಾಡುತ್ತವೆ. ವರ್ಷದಲ್ಲಿ ಎಷ್ಟು ದಿನ ಕೆಸರು, ಎಷ್ಟು ದಿನ ಡಾಂಬರು ಎಂದು ಪ್ರತಿಯೊಬ್ಬನೂ ಎಣಿಸಿ ನೋಡಬೇಕು. ಬಹುಜನರಿಗೆ ಮೂಲ ಅಳತೆಯಲ್ಲಿಯೇ, ಎರಡು ಬಗೆಯ ದಾರಿಗೂ ಆಗುವ ಮಧ್ಯಮ ಹಲ್ಲಿನ ಟೈರು ಸಾಕಾಗುತ್ತದೆ.

ಬೇಸಾಯ ಇಲಾಖೆಯವನಾಗಿ ಇನ್ನೊಂದು ಮಾತನ್ನು ಇಲ್ಲಿ ಹೇಳದಿರಲಾರೆನು. ದೊಡ್ಡ ಟೈರು ಹಾಕಿಸಿದವರಿಗೆ ಬದುವಿನ ಬಳಿ ನಿಲ್ಲಿಸುತ್ತಿದ್ದ ಗಾಡಿಯನ್ನು ನೆನೆದ ಹೊಲದ ನಡುವಿಗೇ ಇಳಿಸುವ ಧೈರ್ಯ ಬರುತ್ತದೆ. ಮೂರು ಟನ್ನಿನ ಗಾಡಿಯು ಹಸಿ ಮಣ್ಣಿನ ಮೇಲೆ ಹಾಯ್ದರೆ ಮಣ್ಣಿನ ಕಣಗಳು ಬಿಗಿದು, ಗಾಳಿ ನೀರುಗಳು ಆಡುವ ಸಂದುಗಳು ಮುಚ್ಚಿಹೋಗುತ್ತವೆ. ಅಗಲವಾದ, ಗಾಳಿ ಕಡಮೆಯಿರುವ ಟೈರು ಮೇಲ್ಪದರದ ಬಿಗಿತವನ್ನು ಕಡಮೆ ಮಾಡಬಲ್ಲದಾದರೂ, ಕೆಳಪದರದ ಬಿಗಿತವು ಅಚ್ಚಿನ ಮೇಲಿನ ಒಟ್ಟು ಭಾರವನ್ನು ಅನುಸರಿಸುತ್ತದೆ. ಕೆಳಪದರವು ಬಿಗಿದ ಸಾಲುಗಳಲ್ಲಿ ಮುಂದಿನ ಬೆಳೆಯ ಬೇರು ಆಳಕ್ಕಿಳಿಯದು. ಒಂದು ಉಳುಮೆಯಿಂದ ಅದು ಸರಿಹೋಗುವುದೂ ಇಲ್ಲ. ಆದುದರಿಂದ ಗಾಡಿಯನ್ನು ಬದುವಿನ ಆಚೆಯೇ ನಿಲ್ಲಿಸಿ, ಪೆಟ್ಟಿಗೆಗಳನ್ನು ಅಲ್ಲಿಗೆ ಹೊರಿಸುವುದು ಉತ್ತಮ.

ಟೈರಿಗೆ ಹಾಕುವ ಹೆಚ್ಚಿನ ಹಣದ ಒಂದು ಭಾಗವನ್ನು ನಾಲ್ಕಾರು ಹಿಡುವಳಿದಾರರು ಕೂಡಿ ಹೊಲದ ದಾರಿಗೇ ಹಾಕಿದರೆ ಫಲ ಹೆಚ್ಚು. ದಾರಿಯ ನಡುವನ್ನು ಸ್ವಲ್ಪ ಉಬ್ಬಿಸಿ, ಎರಡು ಕಡೆಯೂ ನೀರು ಹರಿಯಲು ಕಾಲುವೆ ತೆಗೆದು, ಜಾಡುಗಳಿಗೆ ಗರಸು ತುಂಬಿ ದಮ್ಮಸು ಮಾಡಿದರೆ ಯಾವ ಅಳತೆಯ ಟೈರೂ ಓಡುತ್ತದೆ. ಮುಂಗಾರಿಗೆ ಮುಂಚೆಯೇ ಈ ಕೆಲಸಕ್ಕಾಗಿ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡುವುದೂ ಯೋಗ್ಯ.

7. ರಿಮ್ಮು ಮತ್ತು ಸ್ಥಳಾವಕಾಶ

ಪ್ರತಿ ಟೈರಿಗೂ ಒಪ್ಪುವ ರಿಮ್ಮಿನ ಅಗಲವು ಗೊತ್ತಾಗಿರುತ್ತದೆ. 235/75 ಆರ್ 15 ಟೈರಿಗೆ 6 ಅಂಗುಲಕ್ಕಿಂತ ಕಿರಿದಾದ ರಿಮ್ಮು ಆಗದು. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರನ್ನು ಕೂರಿಸಿದರೆ ಪಕ್ಕೆಗಳು ಒಳಕ್ಕೆ ಬಾಗಿ, ಹೊರಮೈಯು ನಡುವೆ ಉಬ್ಬಿ, ನಡುಭಾಗವೊಂದೇ ಸವೆಯುತ್ತದೆ; ತಿರುವಿನಲ್ಲಿ ಗಾಡಿ ತೊನೆಯುತ್ತದೆ.

ಹೊಸ ಅಳತೆಯು ಹಿಡಿಸುವುದೇ ಎಂದು ಪರೀಕ್ಷಿಸುವ ಕ್ರಮ ಹೀಗೆ. ಒಂದು ಟೈರನ್ನು ಮಾತ್ರ ಕೂರಿಸಿ, ಗಾಡಿಗೆ ಪೂರ್ಣ ಭಾರವನ್ನು ಹೇರಿ, ಸ್ಟೀರಿಂಗನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸಿ ನೋಡಬೇಕು. ಮಡ್ಗಾರ್ಡು, ಸ್ಪ್ರಿಂಗು ಪಟ್ಟಿ, ಬ್ರೇಕಿನ ಕೊಳವೆ, ಇವುಗಳಲ್ಲಿ ಯಾವುದಕ್ಕೂ ಟೈರು ತಾಗಬಾರದು. ತಾಗದಿದ್ದರೆ ಮಾತ್ರ ಸಾಲದು. ಗುಂಡಿಯಲ್ಲಿ ಕುಕ್ಕಿದಾಗ ಸ್ಪ್ರಿಂಗು ಇನ್ನೂ ಕುಗ್ಗುವುದಕ್ಕೂ, ಚಕ್ರಕ್ಕೆ ಕೆಸರು ಮೆತ್ತಿಕೊಳ್ಳುವುದಕ್ಕೂ ಸ್ಥಳವಿರಬೇಕು. ಖಾಲಿ ಗಾಡಿಯಲ್ಲಿ ಸರಿಯಾಗಿ ತಿರುಗಿದ ಚಕ್ರವು ಹೇರಿದ ಗಾಡಿಯಲ್ಲಿ ಬ್ರೇಕಿನ ಕೊಳವೆಯನ್ನು ಉಜ್ಜಿದರೆ ಆಗುವ ಅನರ್ಥವನ್ನು ವಿವರಿಸಬೇಕಾದುದಿಲ್ಲ.

ಚಕ್ರವು ಒಂದು ಸುತ್ತಿಗೆ ಎಷ್ಟು ದೂರ ಉರುಳುವುದೆಂಬುದನ್ನು ಅಂಗಳದಲ್ಲಿಯೇ ಅಳೆಯಬಹುದು. ಟೈರಿನ ಕೆಳತುದಿಯಲ್ಲಿಯೂ, ಅದಕ್ಕೆ ನೇರವಾಗಿ ನೆಲದಲ್ಲಿಯೂ ಸೀಮೆಸುಣ್ಣದಿಂದ ಗುರುತು ಮಾಡಿ, ಗಾಡಿಯನ್ನು ಮೆಲ್ಲನೆ ತಳ್ಳಿ, ಟೈರಿನ ಗುರುತು ಮತ್ತೆ ಕೆಳಗೆ ಬಂದಾಗ ನೆಲದಲ್ಲಿ ಇನ್ನೊಂದು ಗುರುತು ಮಾಡಿ, ಎರಡರ ನಡುವೆ ಟೇಪು ಹಿಡಿಯಬೇಕು. ಹಳೆಯ ಟೈರಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಹೀಗೆ ಅಳೆದು ಹೋಲಿಸಿದರೆ ಮಾಪಕದ ತಪ್ಪು ಎಷ್ಟೆಂಬುದು ಸ್ಪಷ್ಟವಾಗುತ್ತದೆ. ಹಳೆಯ ಟೈರು ಬಹಳ ಸವೆದಿದ್ದರೆ ಅದರ ಸುತ್ತಳತೆಯೂ ಕೊಂಚ ತಗ್ಗಿರುವುದೆಂಬುದನ್ನು ನೆನಪಿನಲ್ಲಿಡಬೇಕು.

8. ಹಳೆಯ ಟೈರುಗಳ ವಿಷಯ

ದೊಡ್ಡ ಕಾರುಗಳಿಂದ ಬಿಚ್ಚಿದ ಹಳೆಯ ಟೈರುಗಳು ಅಗ್ಗಕ್ಕೆ ದೊರೆಯುವುದರಿಂದ ಅನೇಕರು ಅವುಗಳಿಗೆ ಮನಸೋಲುತ್ತಾರೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ತಾರೀಖಿನ ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಬಿಸಿಲಿನಿಂದಲೂ ವಯಸ್ಸಿನಿಂದಲೂ ರಬ್ಬರು ಒಣಗಿ ಬಿರಿಯುವುದರಿಂದ, ಹಲ್ಲು ಎಷ್ಟೇ ಇದ್ದರೂ ಪಕ್ಕೆಯಲ್ಲಿ ಕೂದಲೆಳೆಯಂತಹ ಬಿರುಕುಗಳಿರುವ ಟೈರನ್ನು ಸರಕಿನ ಗಾಡಿಗೆ ಹಾಕತಕ್ಕದ್ದಲ್ಲ. ಉಬ್ಬಿದ ಪಕ್ಕೆಯಂತೂ ಒಳಗಿನ ನೂಲು ಹರಿದಿರುವ ಗುರುತು.

ಒಂದೇ ಅಚ್ಚಿನ ಎರಡು ತುದಿಗಳಲ್ಲಿ ಬೇರೆ ಬೇರೆ ವ್ಯಾಸದ ಟೈರುಗಳು ಇರಕೂಡದು. ಇದ್ದರೆ ಡಿಫರೆನ್ಷಿಯಲ್ಲು ನೆಟ್ಟನೆಯ ದಾರಿಯಲ್ಲಿಯೂ ಬಿಡುವಿಲ್ಲದೆ ದುಡಿದು ಸವೆಯುತ್ತದೆ. ನಾಲ್ಕು ಚಕ್ರಗಳಿಗೂ ಎಂಜಿನಿನ ಎಳೆತವಿರುವ ಗಾಡಿಗಳಲ್ಲಿ ನಾಲ್ಕೂ ಒಂದೇ ವ್ಯಾಸದವಾಗಿರಬೇಕು. ಸ್ಟೆಪ್ನಿಯನ್ನು ಮರೆಯಬಾರದು, ನಾಲ್ಕು ದೊಡ್ಡ ಟೈರುಗಳೊಡನೆ ಹಳೆಯ ಅಳತೆಯ ಸ್ಟೆಪ್ನಿಯನ್ನಿಟ್ಟುಕೊಂಡವನು ಪಂಕ್ಚರ್ ಆದ ದಿನ ಪೇಚಿಗೆ ಸಿಕ್ಕುತ್ತಾನೆ. ಆದುದರಿಂದ ಅಳತೆ ಬದಲಾಯಿಸುವ ಖರ್ಚನ್ನು ಎಣಿಸುವಾಗ ಐದು ಟೈರುಗಳ ಬೆಲೆಯನ್ನು ಎಣಿಸಬೇಕು, ನಾಲ್ಕರದ್ದಲ್ಲ.

9. ಗಾಳಿಯೇ ಜೀವಾಳ

ಎಂತಹ ಟೈರಾದರೂ ಅದರ ಭಾರಸೂಚಿಯು ಸರಿಯಾದ ಗಾಳಿಯಿದ್ದಾಗ ಮಾತ್ರ ನಿಜ. ಗಾಡಿಯ ಬಾಗಿಲಿನ ಚೌಕಟ್ಟಿನಲ್ಲಿಯೋ ಕೈಪಿಡಿಯಲ್ಲಿಯೋ ಖಾಲಿಯಿರುವಾಗ ಇಷ್ಟು, ಹೇರಿರುವಾಗ ಇಷ್ಟು ಎಂದು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆಯಾಗಿ ಬರೆದಿರುತ್ತದೆ. ಆ ಅಂಕಿಗಳು ಮೂಲ ಅಳತೆಗೆ ಸಂಬಂಧಿಸಿದವು. ಅಳತೆ ಬದಲಾಯಿಸಿದವರು ಟೈರಿನ ತಯಾರಕರ ಪಟ್ಟಿಯನ್ನು ಕೇಳಿ ಪಡೆಯಬೇಕು. ಒತ್ತಡವನ್ನು ಬೆಳಗ್ಗೆ, ಗಾಡಿ ಓಡುವುದಕ್ಕೆ ಮುಂಚೆ ಅಳೆಯತಕ್ಕದ್ದು. ಓಡಿ ಕಾದ ಟೈರಿನಲ್ಲಿ ಒತ್ತಡ ಏರಿರುವುದನ್ನು ಕಂಡು ಗಾಳಿಯನ್ನು ಇಳಿಸಬಾರದು. ಕೆಸರಿನಲ್ಲಿಯೋ ಮರಳಿನಲ್ಲಿಯೋ ಸಿಕ್ಕಿಕೊಂಡಾಗ ಗಾಳಿಯನ್ನು ಇಳಿಸಿ ಹೊರಬರುವ ಉಪಾಯವು ಸರಿಯಾದರೂ, ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಬೇಕು. ಇಳಿಸಿದ ಗಾಳಿಯಲ್ಲಿಯೇ ಹೇರಿದ ಗಾಡಿಯನ್ನು ಮಂಡಿಯವರೆಗೆ ಓಡಿಸುವುದು ಟೈರನ್ನು ಕೈಯಾರೆ ಕೊಂದಂತೆ.

10. ಕಾನೂನು

1988ರ ಮೋಟಾರು ವಾಹನಗಳ ಕಾಯಿದೆಯ 58ನೆಯ ಕಲಮಿನ ಪ್ರಕಾರ ಸಾರಿಗೆ ವಾಹನವನ್ನು ನೋಂದಾಯಿಸುವಾಗ ಪ್ರತಿ ಚಕ್ರದ ಟೈರುಗಳ ಸಂಖ್ಯೆ, ಬಗೆ ಮತ್ತು ಅಳತೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಬೇಕು. 52ನೆಯ ಕಲಮಿನ ಪ್ರಕಾರ, ತಯಾರಕನು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ಕಲಮನ್ನು ಎತ್ತಿಹಿಡಿದು ತೀರ್ಪು ನೀಡಿರುತ್ತದೆ. ಆದುದರಿಂದ ತಮ್ಮ ಮಾದರಿಯ ಗಾಡಿಗೆ ತಯಾರಕರೇ ಒಪ್ಪಿದ ಅಳತೆಗಳು ಯಾವುವೆಂದು ಕೇಳಿ, ಅವುಗಳೊಳಗೇ ಆರಿಸಿಕೊಳ್ಳುವುದು ಕ್ಷೇಮ. ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುವುದು ಇಂತಹ ಕಾರಣಗಳಿಂದಲೇ. ಹಲ್ಲಿನ ಆಳವು 1.6 ಮಿಲಿಮೀಟರಿಗಿಂತ ಕಡಮೆಯಾದ ಟೈರನ್ನು ಉಪಯೋಗಿಸುವುದೂ, ಐ. ಎಸ್. ಐ. ಗುರುತಿಲ್ಲದ ಟೈರನ್ನು ಮಾರುವುದೂ ನಿಷಿದ್ಧ. ಮಿತಿಮೀರಿ ಭಾರ ಹೇರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡವೂ, ಅಧಿಕವಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ಕಾಯಿದೆಯಲ್ಲಿ ಗೊತ್ತಾಗಿವೆ.

11. ಸಾರಾಂಶ

ಮೇಲೆ ವಿವರಿಸಿದ ಸಂಗತಿಗಳನ್ನು ರೈತರ ನೆನಪಿಗಾಗಿ ಹೀಗೆ ಸಂಗ್ರಹಿಸಬಹುದು:

(1) ಹೇರಿದ ಗಾಡಿಯ ಹಿಂದಿನ ಅಚ್ಚನ್ನು ತೂಗಿಸಿ, ಅರ್ಧ ತೂಕಕ್ಕೆ ಸಾಕಾಗುವ ಭಾರಸೂಚಿಯನ್ನು ಮೊದಲು ಗೊತ್ತುಮಾಡಿಕೊಳ್ಳಿರಿ. ಅಳತೆಯ ಮಾತು ಆಮೇಲೆ.
(2) ಮೂಲ ಅಳತೆಯ ಟೈರಿಗೆ ಇದ್ದ ಭಾರಸೂಚಿಗಿಂತ ಕಡಮೆಯಾದುದನ್ನು ಯಾವ ಕಾರಣಕ್ಕೂ ಕೊಳ್ಳಬೇಡಿರಿ.
(3) ವ್ಯಾಸವನ್ನು ಹೆಚ್ಚಿಸಲೇಬೇಕಾದರೆ, ತಯಾರಕರು ಒಪ್ಪಿದ ಅಳತೆಗಳಲ್ಲಿ, ನೂರಕ್ಕೆ ಮೂರರೊಳಗೆ ಇರಲಿ.
(4) ರಿಮ್ಮಿನ ಅಗಲವನ್ನೂ ಸುತ್ತಲಿನ ಸ್ಥಳವನ್ನೂ ಹೇರಿದ ಗಾಡಿಯಲ್ಲಿ ಪರೀಕ್ಷಿಸಿರಿ.
(5) ಕೆಸರಿನ ತೊಂದರೆಗೆ ಮೊದಲು ದಾರಿ, ಅನಂತರ ಹಲ್ಲು, ಕಡೆಗೆ ಗಾತ್ರ ಎಂಬ ಕ್ರಮದಲ್ಲಿ ಪರಿಹಾರವನ್ನು ಹುಡುಕಿರಿ.
(6) ಐದು ಟೈರುಗಳ ಖರ್ಚನ್ನು ಎಣಿಸಿರಿ. ಗಾಳಿಯನ್ನು ವಾರಕ್ಕೊಮ್ಮೆಯಾದರೂ ಅಳೆಯಿರಿ.

ದೊಡ್ಡ ಟೈರು ಕೆಲವರಿಗೆ ನಿಜವಾಗಿಯೂ ಉಪಯುಕ್ತವಾಗಬಹುದು. ಬಹುಮಂದಿಗೆ ಬೇಕಾಗಿರುವುದು ದೊಡ್ಡ ಟೈರಲ್ಲ, ತಕ್ಕ ಟೈರು. ಬಿತ್ತನೆಯ ಬೀಜವನ್ನು ಗಾತ್ರ ನೋಡಿ ಆರಿಸದೆ, ಮೊಳಕೆಯನ್ನು ಪರೀಕ್ಷಿಸಿ ಆರಿಸುವ ರೈತನಿಗೆ ಈ ವಿವೇಕವು ಹೊಸದೇನೂ ಅಲ್ಲ. ಆ ಎಚ್ಚರವನ್ನೇ ಟೈರಿನ ಅಂಗಡಿಯಲ್ಲಿಯೂ ವಹಿಸಿದರೆ ಬೆಳೆಯು ಮಂಡಿಯನ್ನೂ, ಬೆಳೆದವನು ಮನೆಯನ್ನೂ ಕ್ಷೇಮವಾಗಿ ಸೇರುವುದರಲ್ಲಿ ಸಂದೇಹವಿಲ್ಲ.